ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಹಳೆಯ ಸೇನಾ ಜೀಪಿನ ಎಣ್ಣೆ ಸೋರಿಕೆ ಹಿಡಿಯುವುದು ಹೇಗೆ?

ಹಳೆಯ ಸೇನಾ ವಾಹನ ಇಟ್ಟುಕೊಂಡವರ ನಡುವೆ ಒಂದು ಮಾತಿದೆ: ಗಾಡಿಯ ಕೆಳಗೆ ಎಣ್ಣೆಯ ಕಲೆ ಕಾಣಲಿಲ್ಲವೆಂದರೆ ಒಳಗೆ ಎಣ್ಣೆಯೇ ಇಲ್ಲವೆಂದು ತಿಳಿ. ತಮಾಷೆಯಾದರೂ ಅದರಲ್ಲಿ ಅರ್ಧ ನಿಜವಿದೆ. ಅಮೆರಿಕದ ಸೇನೆಯ ಕೈಪಿಡಿಗಳೇ ಸೋರಿಕೆಯನ್ನು ಮೂರು ದರ್ಜೆ ಮಾಡಿವೆ. ಒದ್ದೆ ಕಾಣಿಸಿದರೂ ಹನಿ ಕಟ್ಟದಿದ್ದರೆ ಒಂದನೆಯದು. ಹನಿ ಕಟ್ಟಿದರೂ ನೋಡುತ್ತಿರುವಾಗ ಉದುರದಿದ್ದರೆ ಎರಡನೆಯದು. ಕಣ್ಣೆದುರೇ ತೊಟ್ಟಿಕ್ಕಿದರೆ ಮೂರನೆಯದು. ಸಾಮಾನ್ಯವಾಗಿ ಮೊದಲೆರಡರಲ್ಲಿ ಎಣ್ಣೆಯ ಮಟ್ಟ ನೋಡಿಕೊಳ್ಳುತ್ತಾ ಗಾಡಿ ಓಡಿಸಬಹುದು. ಮೂರನೆಯದಕ್ಕೆ ದುರಸ್ತಿ ಬೇಕು. ಈ ಲೆಕ್ಕವನ್ನು ಮೊದಲೇ ತಲೆಯಲ್ಲಿಟ್ಟುಕೊಂಡರೆ ಅರ್ಧ ಖರ್ಚು ಉಳಿಯುತ್ತದೆ.

ಉದಾಹರಣೆಗೆ ಎರಡನೇ ಮಹಾಯುದ್ಧದ ವಿಲ್ಲೀಸ್ ಎಂಬಿ ಜೀಪನ್ನೇ ತೆಗೆದುಕೊಳ್ಳೋಣ. 1941ರಿಂದ 1945ರವರೆಗೆ ವಿಲ್ಲೀಸ್ ಮತ್ತು ಫೋರ್ಡ್ ಸೇರಿ ಇಂಥ ಆರು ಲಕ್ಷಕ್ಕೂ ಹೆಚ್ಚು ಜೀಪು ತಯಾರಿಸಿದವು. 2.2 ಲೀಟರಿನ, 60 ಅಶ್ವಶಕ್ತಿಯ ನಾಲ್ಕು ಸಿಲಿಂಡರ್ ಎಂಜಿನ್, ಅದರ ಹಿಂದೆ ಗೇರ್ ಬಾಕ್ಸ್, ಅದಕ್ಕೆ ಅಂಟಿಕೊಂಡೇ ಎರಡೂ ಆಕ್ಸಲಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್, ಮುಂದೊಂದು ಹಿಂದೊಂದು ಆಕ್ಸಲ್, ಸ್ಟಿಯರಿಂಗ್ ಬಾಕ್ಸ್. ಎಣ್ಣೆ ತುಂಬಿದ ಆರು ಪೆಟ್ಟಿಗೆಗಳು. ಯಾವುದು ಸೋರುತ್ತಿದೆ ಎಂದು ಗೊತ್ತಾಗುವ ಮೊದಲೇ ಸ್ಪ್ಯಾನರ್ ಹಿಡಿಯುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ತೊಳೆದು, ರಟ್ಟು ಹಾಸಿ

ದಶಕಗಳ ಮಣ್ಣು, ಗ್ರೀಸು ಮೆತ್ತಿಕೊಂಡಿರುವಾಗ ಏನೂ ಕಾಣುವುದಿಲ್ಲ. ಡಿಸ್ಟ್ರಿಬ್ಯೂಟರ್ ಮತ್ತು ಕಾರ್ಬುರೇಟರಿಗೆ ಪ್ಲಾಸ್ಟಿಕ್ ಸುತ್ತಿ, ಸೀಮೆಎಣ್ಣೆ ಅಥವಾ ಡಿಗ್ರೀಸರ್ ಹಾಕಿ ಬ್ರಷ್ಷಿನಿಂದ ಉಜ್ಜಿ ತೊಳೆಯಿರಿ. ಪೆಟ್ರೋಲ್ ಮಾತ್ರ ಬೇಡ, ಒಂದು ಕಿಡಿ ಸಾಕು. ಹೆಚ್ಚು ಒತ್ತಡದ ನೀರನ್ನು ಸೀಲುಗಳ (ತಿರುಗುವ ಶಾಫ್ಟಿನ ಸುತ್ತ ಎಣ್ಣೆ ತಡೆಯುವ ಬಳೆಗಳ) ಮೇಲೆ ನೇರವಾಗಿ ಬಿಟ್ಟರೆ ನೀರು ಒಳಗೇ ಹೋಗುತ್ತದೆ.

ಒಣಗಿದ ಮೇಲೆ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಕೆಳಗೆ ದೊಡ್ಡ ರಟ್ಟು ಹಾಸಿ. ಮುಂದಿನ ಚಕ್ರ ಎಲ್ಲಿದೆ, ಗೇರ್ ಬಾಕ್ಸ್ ಎಲ್ಲಿದೆ ಎಂದು ಅದರ ಮೇಲೆ ಗುರುತು ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಆ ರಟ್ಟೇ ನಿಮ್ಮ ನಕ್ಷೆ. ಬಳಿಕ ಎಂಜಿನ್ ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸಿ ತಂದು ಇನ್ನೊಂದು ರಟ್ಟು ಹಾಸಿ. ಎರಡರ ವ್ಯತ್ಯಾಸದಲ್ಲೇ ಉತ್ತರವಿದೆ. ನಿಂತಾಗಲೂ ಸೋರಿದರೆ ತೂತು ಎಣ್ಣೆಯ ಮಟ್ಟದ ಆಸುಪಾಸಿನಲ್ಲಿ ಅಥವಾ ಅದಕ್ಕಿಂತ ಕೆಳಗಿದೆ. ಓಡಿದ ಮೇಲೆ ಮಾತ್ರ ಸೋರಿದರೆ ಒತ್ತಡದಲ್ಲಿ ಹರಿಯುವ ಅಥವಾ ಒಳಗೆ ಎರಚಿ ಬೀಳುವ ಎಣ್ಣೆ ಹೊರಬರುತ್ತಿದೆ.

ಬೆರಳಿಗೆ ಹಚ್ಚಿ, ಮೂಸಿ ನೋಡಿ. ಎಂಜಿನ್ ಆಯಿಲ್ ಕಪ್ಪಗೆ, ತೆಳ್ಳಗೆ ಇರುತ್ತದೆ. ಗೇರ್ ಆಯಿಲ್ ದಪ್ಪ, ಗಂಧಕದ ಘಾಟು ಹೊಡೆಯುತ್ತದೆ. ಒಮ್ಮೆ ಮೂಗಿಗೆ ಬಡಿದರೆ ಮರೆಯುವುದಿಲ್ಲ. ಚಕ್ರದ ಒಳಬದಿಯಲ್ಲಿ ತಿಳಿಯಾದ, ಬಣ್ಣವಿಲ್ಲದಂಥ ದ್ರವ ಕಂಡರೆ ಬ್ರೇಕ್ ಫ್ಲೂಯಿಡ್ ಇರಬಹುದು. ಆಗ ಈ ಲೇಖನ ಬದಿಗಿಟ್ಟು ಮೊದಲು ಬ್ರೇಕ್ ನೋಡಿ.

ಎಣ್ಣೆ ಕೆಳಕ್ಕೆ ಇಳಿಯುತ್ತದೆ, ಗಾಡಿ ಓಡುವಾಗ ಗಾಳಿಗೆ ಹಿಂದಕ್ಕೂ ಸರಿಯುತ್ತದೆ. ಆದ್ದರಿಂದ ಹನಿ ಬಿದ್ದ ಜಾಗದಿಂದ ಮೇಲಕ್ಕೆ, ಮುಂದಕ್ಕೆ ಹುಡುಕುತ್ತಾ ಹೋಗಿ. ಒದ್ದೆ ಶುರುವಾಗುವ ತುತ್ತತುದಿಯೇ ಮೂಲ. ಸಂಶಯವಿದ್ದಲ್ಲಿ ಒರೆಸಿ ಟಾಲ್ಕಂ ಪೌಡರ್ ಉದುರಿಸಿ ಎಂಜಿನ್ ಓಡಿಸಿದರೆ ಎಣ್ಣೆಯ ಗೆರೆ ಎದ್ದು ಕಾಣುತ್ತದೆ.

ಮೊದಲು ಉಸಿರಾಟ ನೋಡಿ

ಬಹಳ ಜನ ದಾಟಿಹೋಗುವ ಹೆಜ್ಜೆ ಇದು. ಎಷ್ಟೇ ಒಳ್ಳೆಯ ಎಂಜಿನ್ನಿನಲ್ಲೂ ಪಿಸ್ಟನ್ ರಿಂಗು ದಾಟಿ ಸ್ವಲ್ಪ ಅನಿಲ ಕೆಳಗಿನ ಚೇಂಬರಿಗೆ, ಅಂದರೆ ಎಂಜಿನ್ನಿನ ತಳದ ಎಣ್ಣೆ ತೊಟ್ಟಿಗೆ, ಇಳಿಯುತ್ತದೆ. ಅದು ಹೊರಹೋಗುವ ದಾರಿ ಕಟ್ಟಿಕೊಂಡರೆ ಒತ್ತಡ ಏರಿ, ಗಟ್ಟಿಮುಟ್ಟಾದ ಸೀಲಿನಿಂದಲೂ ಎಣ್ಣೆ ಹೊರಕ್ಕೆ ತಳ್ಳಲ್ಪಡುತ್ತದೆ. ಎಂಬಿ ಜೀಪಿನಲ್ಲಿ ಈ ಅನಿಲವನ್ನು ಇನ್‌ಟೇಕ್ ಮ್ಯಾನಿಫೋಲ್ಡಿಗೆ ಎಳೆದುಕೊಳ್ಳುವ ಪುಟ್ಟ ವಾಲ್ವ್ ಇದೆ. ಅದರೊಳಗೆ ಮಸಿ ಕಟ್ಟುತ್ತದೆ. ಬಿಚ್ಚಿ, ತೊಳೆದು, ಮತ್ತೆ ಹಾಕಿ. ಎಂಜಿನ್ ಬಿಸಿಯಾಗಿ ನಿಧಾನವಾಗಿ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ಬಾಯಿಗೆ ಒಂದು ಕಾಗದ ಹಿಡಿಯಿರಿ. ಕಾಗದ ಮೆಲ್ಲಗೆ ಒಳಕ್ಕೆ ಎಳೆದರೆ ಸರಿ. ಬುಸುಬುಸು ಹೊಗೆ ಹೊರಬಂದರೆ ವಾಲ್ವ್ ಕಟ್ಟಿದೆ, ಇಲ್ಲವೇ ರಿಂಗು ಸವೆದಿದೆ. ರಿಂಗು ಸವೆದ ಎಂಜಿನ್ನಿಗೆ ಎಷ್ಟು ಹೊಸ ಸೀಲು ಹಾಕಿದರೂ ಪ್ರಯೋಜನವಿಲ್ಲ.

ಆಕ್ಸಲಿನ ಮೇಲಿನ ಬ್ರೀದರಿಗೂ (ಗಾಳಿ ಆಡುವ ಸಣ್ಣ ಕಿಂಡಿ) ಇದೇ ನಿಯಮ. ಮಣ್ಣು ತುಂಬಿ ಅದು ಮುಚ್ಚಿಕೊಂಡರೆ, ಬಿಸಿಗೆ ಹಿಗ್ಗಿದ ಗಾಳಿ ಶಾಫ್ಟ್ ಆಕ್ಸಲಿನೊಳಗೆ ಹೋಗುವಲ್ಲಿನ ಪಿನಿಯನ್ ಸೀಲಿನಿಂದಲೋ ಚಕ್ರದ ಕಡೆಯಿಂದಲೋ ಎಣ್ಣೆಯನ್ನು ದೂಡುತ್ತದೆ. ಐದು ನಿಮಿಷದ ಕೆಲಸ, ಒಂದು ತಂತಿ ತುಂಡು ಸಾಕು.

ಇದೇ ಹೊತ್ತಿಗೆ ಎಲ್ಲ ಪೆಟ್ಟಿಗೆಗಳ ಎಣ್ಣೆಯ ಮಟ್ಟವನ್ನೂ ನೋಡಿ. ಈ ಜೀಪುಗಳಲ್ಲಿ ಗೇರ್ ಬಾಕ್ಸಿನ ಎಣ್ಣೆ ಟ್ರಾನ್ಸ್‌ಫರ್ ಕೇಸಿಗೆ, ಅಲ್ಲಿಂದ ಇಲ್ಲಿಗೆ ಒಳಗೊಳಗೇ ನುಸುಳುವುದುಂಟು. ಒಂದು ಬರಿದಾಗಿ ಇನ್ನೊಂದು ತುಂಬಿ ತುಳುಕುತ್ತಿದ್ದರೆ, ಸೋರುತ್ತಿರುವ ಸೀಲಿನದು ತಪ್ಪಲ್ಲ.

ಬೆಲ್ ಹೌಸಿಂಗ್ ಎಂಬ ಗೊಂದಲ

ಎಂಜಿನ್ ಮತ್ತು ಗೇರ್ ಬಾಕ್ಸ್ ಕೂಡುವಲ್ಲಿ, ಕ್ಲಚ್ಚನ್ನು ಮುಚ್ಚಿರುವ ಬೆಲ್ ಹೌಸಿಂಗ್ ಎಂಬ ಕವಚದ ತಳದಿಂದ ಹನಿ ಬಿದ್ದರೆ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಹಿಂದಿನ ಮೇನ್ ಸೀಲ್ ಹೋಗಿದೆ, ಗೇರ್ ಬಾಕ್ಸ್ ಇಳಿಸಬೇಕು.’ ಎಂಜಿನ್ನಿನ ಮುಖ್ಯ ಶಾಫ್ಟಾದ ಕ್ರ್ಯಾಂಕಿನ ಹಿಂತುದಿಯಲ್ಲಿ ಎಣ್ಣೆ ತಡೆಯುವ ಸೀಲು ಅದು. ನಾನೂ ಒಮ್ಮೆ ಹಾಗೆಯೇ ಎರಡು ದಿನ ಕಳೆದೆ. ಕೊನೆಗೆ ನೋಡಿದರೆ ಪ್ರೆಶರ್ ಗೇಜಿಗೆ ಹೋಗುವ ತೆಳು ಕೊಳವೆಯ ಜಾಯಿಂಟು ಜಿನುಗುತ್ತಿತ್ತು. ಎಣ್ಣೆ ಬ್ಲಾಕಿನ ಮೇಲೆ ಹರಿದು ಹಿಂದೆ ಬಂದು ಬೀಳುತ್ತಿತ್ತು. ಅರ್ಧ ಸುತ್ತು ಬಿಗಿ ಮಾಡಿದರೆ ಮುಗಿಯುತ್ತಿದ್ದ ಕೆಲಸ.

ಹಾಗಾಗಿ ಮೇನ್ ಸೀಲನ್ನು ದೂರುವ ಮೊದಲು ಆಯಿಲ್ ಫಿಲ್ಟರಿನ ಕೊಳವೆಗಳು, ಫ್ಯೂಯಲ್ ಪಂಪಿನ ಗ್ಯಾಸ್ಕೆಟ್, ಎಂಜಿನ್ನಿನ ಪಕ್ಕದಲ್ಲಿರುವ ವಾಲ್ವ್ ಕವರ್, ಚೇಂಬರಿನ ಹಿಂದಿನ ಅಂಚು, ಎಲ್ಲವನ್ನೂ ನೋಡಿ. ನಂತರ ಮತ್ತೆ ಮೂಗಿನ ಕೆಲಸ. ಹನಿ ಗೇರ್ ಆಯಿಲ್ ಆಗಿದ್ದರೆ ಗೇರ್ ಬಾಕ್ಸಿನ ಮುಂಬದಿಯಿಂದ ಬಂದಿದೆ, ಕ್ರ್ಯಾಂಕಿಗೂ ಅದಕ್ಕೂ ಸಂಬಂಧವಿಲ್ಲ. ಎಂಜಿನ್ ಆಯಿಲ್ ಆಗಿದ್ದರೂ ಫ್ಲೈವೀಲಿನ ಹಿಂದಿರುವ ಕ್ಯಾಮ್ ಶಾಫ್ಟಿನ ಬಿರಡೆ ಸೋರುತ್ತಿರಬಹುದು.

ಹೌಸಿಂಗಿನ ತಳದಲ್ಲಿ ಹಲವು ಸೇನಾ ವಾಹನಗಳಿಗೆ ಒಂದು ಸಣ್ಣ ತೂತಿರುತ್ತದೆ. ಸೋರಿದ ಎಣ್ಣೆ ಕ್ಲಚ್ಚಿಗೆ ತಗಲದೆ ಹೊರಹೋಗಲಿ ಎಂದೇ ಅದನ್ನು ಇಟ್ಟಿದ್ದು. ಹೊಳೆ ದಾಟುವಾಗ ಮಾತ್ರ ಅದಕ್ಕೆ ಬಿರಡೆ ಹಾಕುತ್ತಾರೆ. ಹನಿ ಬೀಳುತ್ತದೆಂದು ಅದನ್ನೇ ಶಾಶ್ವತವಾಗಿ ಮುಚ್ಚಿದರೆ ಮುಂದೆ ಕ್ಲಚ್ ಜಾರುತ್ತದೆ.

ಮೇನ್ ಸೀಲೇ ಹೋಗಿದೆ ಎಂದು ಖಾತ್ರಿಯಾದರೆ: ಹಳೆಯ ಎಂಜಿನ್ನುಗಳಲ್ಲಿ ಅದು ರಬ್ಬರ್ ಸೀಲಲ್ಲ, ಶಾಫ್ಟಿನ ಸುತ್ತಲಿನ ಕಾಲುವೆಯಲ್ಲಿ ಕೂರಿಸಿದ ಹಗ್ಗದಂಥ ಪ್ಯಾಕಿಂಗ್. ಹೊಸ ಪ್ಯಾಕಿಂಗನ್ನು ಎಂಜಿನ್ ಆಯಿಲ್‌ನಲ್ಲಿ ನೆನೆಸಿ, ನುಣುಪಾದ ದುಂಡು ಸರಳಿನಿಂದ ಒತ್ತಿ ಕೂರಿಸಿ, ತುದಿಗಳನ್ನು ಹರಿತ ಬ್ಲೇಡಿನಿಂದ ಎಳೆ ಬಿಡದಂತೆ ಕತ್ತರಿಸಬೇಕು. ಬೇರಿಂಗ್ ಕ್ಯಾಪಿನ ಎರಡೂ ಬದಿಯ ಸಂದಿಗೆ ಹೋಗುವ ಸಣ್ಣ ರಬ್ಬರ್ ಕಡ್ಡಿಗಳನ್ನು ಮರೆತರೆ ಮಾಡಿದ್ದೆಲ್ಲ ವ್ಯರ್ಥ. ಬೇರಿಂಗ್ ಸವೆದು ಶಾಫ್ಟ್ ಅಲ್ಲಾಡುತ್ತಿದ್ದರೆ ಯಾವ ಸೀಲೂ ನಿಲ್ಲದು.

ಸೀಲು, ಗ್ಯಾಸ್ಕೆಟ್, ವಾಷರ್

ಉಳಿದ ಸೀಲುಗಳದ್ದು ಇಷ್ಟು ಕಷ್ಟವಿಲ್ಲ. ಸ್ಪ್ರಿಂಗ್ ಇರುವ ತುಟಿ ಎಣ್ಣೆಯ ಕಡೆಗಿರಲಿ, ತುಟಿಗೆ ಎಣ್ಣೆ ಸವರಿ, ಸುತ್ತಲೂ ಸಮನಾಗಿ ತಟ್ಟಿ ಕೂರಿಸಿ. ಶಾಫ್ಟಿನ ಮೇಲೆ ಉಗುರು ಎಳೆಯಿರಿ. ಸವೆದ ಕಾಲುವೆ ಸಿಕ್ಕಿದರೆ ಹೊಸ ಸೀಲೂ ಸೋರುತ್ತದೆ. ಅದಕ್ಕೆ ಶಾಫ್ಟಿನ ಮೇಲೆ ತೊಡಿಸುವ ತೆಳು ಸ್ಟೇನ್‌ಲೆಸ್ ಸ್ಟೀಲ್ ಸ್ಲೀವ್ ಸಿಗುತ್ತದೆ.

ಚೇಂಬರಿನ ಕಾರ್ಕ್ ಗ್ಯಾಸ್ಕೆಟ್ ಸೋರಿದೊಡನೆ ಬೋಲ್ಟು ಇನ್ನಷ್ಟು ಬಿಗಿಯುವುದು ಹಳೇ ಚಾಳಿ. ಕಾರ್ಕ್ ಸೀಳುತ್ತದೆ, ತಗಡಿನ ಅಂಚು ಬೋಲ್ಟಿನ ಸುತ್ತ ಉಬ್ಬುತ್ತದೆ. ಚೇಂಬರ್ ಬಿಚ್ಚಿ, ಅಂಚನ್ನು ಮರದ ದಿಮ್ಮಿಯ ಮೇಲಿಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಸಮ ಮಾಡಿ. ಸೀಲಂಟ್ ಕೂದಲೆಳೆಯಷ್ಟು ಸಾಕು. ಹೆಚ್ಚಾದದ್ದು ಒಳಗೆ ಉದುರಿ ಆಯಿಲ್ ಪಂಪಿನ ಜಾಲರಿ ಕಟ್ಟುತ್ತದೆ. ಡ್ರೈನ್ ಬೋಲ್ಟಿನ ತಾಮ್ರದ ವಾಷರ್ ಗಡುಸಾಗಿದ್ದರೆ ಕೆಂಪಗೆ ಕಾಯಿಸಿ ನೀರಿಗೆ ಹಾಕಿ. ಕಬ್ಬಿಣದ ಹಾಗಲ್ಲ, ತಾಮ್ರ ಹೀಗೆ ಮಾಡಿದರೆ ಮೆತ್ತಗಾಗುತ್ತದೆ.

ಗೇರ್ ಬಾಕ್ಸಿಗೆ ಹೊಸ ಎಣ್ಣೆ ಹಾಕುವಾಗ ಜಿಎಲ್-5 ದರ್ಜೆಯ ಗೇರ್ ಆಯಿಲ್ ಡಬ್ಬಿಯನ್ನು ಕಣ್ಣುಮುಚ್ಚಿ ಸುರಿಯಬೇಡಿ. ಅದರಲ್ಲಿ ಹೆಚ್ಚಿರುವ ಗಂಧಕ, ರಂಜಕದ ಮಿಶ್ರಣ ಹಿತ್ತಾಳೆ, ಕಂಚಿನ ಭಾಗಗಳನ್ನು ತಿನ್ನಬಹುದು. ಅಲ್ಲಿಗೆ ಜಿಎಲ್-4 ಕ್ಷೇಮ.

ಕಾಯಬಾರದ ಎರಡು ಸೋರಿಕೆ

ಜಿನುಗನ್ನು ಸಹಿಸಬಹುದು ಎಂದೆನಲ್ಲ, ಅದಕ್ಕೆ ಅಪವಾದಗಳಿವೆ. ಎಂಬಿಯ ಹ್ಯಾಂಡ್ ಬ್ರೇಕ್ ಚಕ್ರದಲ್ಲಿಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂಬದಿಯಲ್ಲಿದೆ. ಅಲ್ಲಿಯ ಸೀಲ್ ಸೋರಿದರೆ ಬ್ರೇಕ್ ಪಟ್ಟಿ ನೆನೆದು, ಇಳಿಜಾರಿನಲ್ಲಿ ನಿಲ್ಲಿಸಿದ ಗಾಡಿ ತಾನೇ ಹೊರಡುತ್ತದೆ. ಇನ್ನೊಂದು ಮುಂದಿನ ಚಕ್ರದ ಒಳಬದಿಯಲ್ಲಿ, ಚಕ್ರ ಅತ್ತಿತ್ತ ಹೊರಳುವಲ್ಲಿರುವ ಗುಂಡು ಭಾಗ. ಅದರಲ್ಲಿ ಗ್ರೀಸು ಇರಬೇಕು. ತೆಳು ಗೇರ್ ಆಯಿಲ್ ಒಸರಿದರೆ ಒಳಗಿನ ಆಕ್ಸಲ್ ಸೀಲ್ ಹೋಗಿದೆ, ಹೊರಗಿನ ಫೆಲ್ಟ್ (ಒತ್ತಿದ ಉಣ್ಣೆಯ ಸೀಲು) ಬದಲಿಸಿ ಫಲವಿಲ್ಲ. ಎಣ್ಣೆ ಬ್ರೇಕ್ ಡ್ರಮ್ಮಿಗೆ ತಲುಪಿದ್ದರೆ ಲೈನಿಂಗೂ ಹೊಸದಾಗಬೇಕು.

ಜಾಕ್ ಒಂದನ್ನೇ ನಂಬಿ ಕೆಳಗೆ ನುಸುಳಬೇಡಿ. ಚಕ್ರಕ್ಕೆ ಅಡ್ಡ ಕೊಟ್ಟು, ಗಟ್ಟಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಆ ಕಾಲದ ಗ್ಯಾಸ್ಕೆಟ್, ಹಗ್ಗದ ಪ್ಯಾಕಿಂಗ್, ಬ್ರೇಕ್ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಒಣದಾಗಿ ಕೆರೆಯದೆ, ಗಾಳಿ ಹೊಡೆಯದೆ, ಒದ್ದೆ ಮಾಡಿಯೇ ತೆಗೆಯಿರಿ. ಹಳೆಯ ಎಣ್ಣೆ ಚರಂಡಿಗಲ್ಲ, ಡಬ್ಬಿಗೆ.

ಒಮ್ಮೆಗೆ ಒಂದೇ ಕಡೆ ದುರಸ್ತಿ ಮಾಡಿ, ಮತ್ತೆ ರಟ್ಟು ಹಾಸಿ, ದಿನಾಂಕ ಬರೆದಿಡಿ. ಸ್ವಲ್ಪ ಓಡಿದ ಮೇಲೆ ಕಾರ್ಕ್ ಕುಗ್ಗುವುದರಿಂದ ಚೇಂಬರಿನ ಬೋಲ್ಟುಗಳನ್ನು ಇನ್ನೊಮ್ಮೆ ಕೈಯಾಡಿಸಿ ನೋಡಿ. ಹಳೆಯ ರಟ್ಟನ್ನು ಎಸೆಯಬೇಡಿ. ಮುಂದಿನ ತಿಂಗಳು ಹೊಸ ಹನಿ ಕಂಡಾಗ ಪಕ್ಕದಲ್ಲಿಟ್ಟು ನೋಡಲು ಬೇಕಾಗುತ್ತದೆ.