ಕಬ್ಬಿಣದ ಎಲೆಕ್ಟ್ರಾನ್ ವಿನ್ಯಾಸವನ್ನು ತಪ್ಪಿಲ್ಲದೆ ಬರೆಯುವ ಕ್ರಮ

ಧಾರವಾಡದಲ್ಲಿ ಪ್ರಥಮ ಪಿಯುಸಿ ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಡುವಾಗ ಎಲೆಕ್ಟ್ರಾನ್ ವಿನ್ಯಾಸಕ್ಕೆ, ಎಂದರೆ ಪರಮಾಣುವಿನ ಎಲೆಕ್ಟ್ರಾನ್‌ಗಳು ಎಲ್ಲೆಲ್ಲಿ ಎಷ್ಟಿವೆ ಎಂದು ಬರೆಯುವುದಕ್ಕೆ, ನಾನು ಕಬ್ಬಿಣವನ್ನೇ ಆರಿಸಿಕೊಳ್ಳುತ್ತೇನೆ. ಗದಗ ಜಿಲ್ಲೆಯ ಕಪ್ಪತಗುಡ್ಡದ ಕೆಂಪು ಮಣ್ಣನ್ನು ಕಂಡವರಿಗೆ ಅದು ಪರಿಚಯದ ಧಾತು. ಅದಕ್ಕಿಂತ ಮುಖ್ಯವಾಗಿ, ಮಕ್ಕಳು ಎಡವುವ ಜಾಗಗಳೆಲ್ಲ ಈ ಒಂದೇ ಪರಮಾಣುವಿನಲ್ಲಿ ಎದುರಾಗುತ್ತವೆ.

ಆರಂಭಕ್ಕೆ ಮುನ್ನ ಒಂದು ಮಾತು. ಆರ್ಬಿಟಲ್ ಎಂದರೆ ಗ್ರಹ ಸುತ್ತುವಂಥ ಕಕ್ಷೆಯಲ್ಲ, ಎಲೆಕ್ಟ್ರಾನ್ ಸಿಗುವ ಸಂಭವ ಹೆಚ್ಚಿರುವ ಪ್ರದೇಶ. ಒಂದು ಆರ್ಬಿಟಲ್‌ನಲ್ಲಿ ಎರಡಕ್ಕಿಂತ ಹೆಚ್ಚು ಎಲೆಕ್ಟ್ರಾನ್‌ಗಳಿಗೆ ಸ್ಥಳವಿಲ್ಲ, ಆ ಎರಡರ ಸ್ಪಿನ್ ಎಂಬ ಗುಣ ಪರಸ್ಪರ ವಿರುದ್ಧವಾಗಿರಬೇಕು ಎಂಬುದು 1925ರಲ್ಲಿ ಭೌತವಿಜ್ಞಾನಿ ಪೌಲಿ ಕೊಟ್ಟ ತತ್ವದ ಫಲ. ಎಲೆಕ್ಟ್ರಾನ್ ಕವಚದೊಳಗಿನ ಭಾಗವೇ ಉಪಕವಚ: ಎಸ್ ಉಪಕವಚಕ್ಕೆ ಒಂದು ಆರ್ಬಿಟಲ್, ಪಿಗೆ ಮೂರು, ಡಿಗೆ ಐದು.

ಕಬ್ಬಿಣದ ಪರಮಾಣು ಸಂಖ್ಯೆ 26. ಆದ್ದರಿಂದ 26 ಎಲೆಕ್ಟ್ರಾನ್‌ಗಳನ್ನು ಕಡಿಮೆ ಶಕ್ತಿಯ ಉಪಕವಚದಿಂದ ತುಂಬುತ್ತ ಹೋಗಬೇಕು. ಯಾವುದು ಮೊದಲು ಎಂಬ ಸಂದೇಹ ಬಂದಾಗ ಎನ್ (ಕವಚದ ಸಂಖ್ಯೆ) ಮತ್ತು ಎಲ್ (ಎಸ್‌ಗೆ 0, ಪಿಗೆ 1, ಡಿಗೆ 2) ಬೆಲೆಗಳನ್ನು ಕೂಡಿಸಿರಿ: 4ಎಸ್‌ಗೆ 4+0=4, 3ಡಿಗೆ 3+2=5; ಮೊತ್ತ ಕಡಿಮೆ ಇರುವ 4ಎಸ್ ಮೊದಲು ತುಂಬುತ್ತದೆ. 3ಪಿ ಮತ್ತು 4ಎಸ್‌ಗಳಂತೆ ಮೊತ್ತ ಸಮವಾದರೆ ಎನ್ ಬೆಲೆ ಚಿಕ್ಕದಿರುವುದಕ್ಕೆ ಆದ್ಯತೆ. ಹೀಗೆ 1ಎಸ್² 2ಎಸ್² 2ಪಿ⁶ 3ಎಸ್² 3ಪಿ⁶ 4ಎಸ್² 3ಡಿ⁶ ಎಂಬ ವಿನ್ಯಾಸ ದೊರೆಯುತ್ತದೆ; ಮೇಲೆ ಬರೆದ ಅಂಕಿ ಆ ಉಪಕವಚದ ಎಲೆಕ್ಟ್ರಾನ್‌ಗಳ ಸಂಖ್ಯೆ.

ಇನ್ನು ಚಿತ್ರ. 3ಡಿಗೆ ಐದು ಚೌಕಗಳನ್ನು ಒಂದಕ್ಕೊಂದು ತಾಗಿಸಿ ಬರೆಯಿರಿ: ಒಂದು ಚೌಕ ಒಂದು ಆರ್ಬಿಟಲ್, ಒಂದು ಬಾಣ ಒಂದು ಎಲೆಕ್ಟ್ರಾನ್, ಬಾಣದ ದಿಕ್ಕು ಅದರ ಸ್ಪಿನ್. ಮೊದಲ ಚೌಕದಲ್ಲೇ ಎರಡು ಬಾಣ, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ಎರಡು ಹಾಕಿ ಉಳಿದೆರಡನ್ನು ಖಾಲಿ ಬಿಟ್ಟ ನೋಟ್‌ಬುಕ್ಕುಗಳನ್ನು ನಾನು ಪ್ರತಿವರ್ಷ ತಿದ್ದುತ್ತೇನೆ. ಮಠದ ಪಂಕ್ತಿಯಲ್ಲಿ ಬಡಿಸುವವರು ಕುಳಿತ ಎಲ್ಲರ ಎಲೆಗೂ ಒಂದೊಂದು ರೊಟ್ಟಿ ಹಾಕಿದ ಮೇಲೆಯೇ ಎರಡನೆಯ ಸುತ್ತಿಗೆ ಬರುತ್ತಾರಲ್ಲ, ಹುಂಡ್ ನಿಯಮದ ಕ್ರಮವೂ ಅದೇ: ಐದೂ ಚೌಕಗಳಲ್ಲಿ ಮೇಲ್ಮುಖವಾದ ಒಂದೊಂದು ಬಾಣ, ಬಳಿಕ ಆರನೆಯದನ್ನು ಮೊದಲ ಚೌಕದಲ್ಲಿ ಕೆಳಮುಖವಾಗಿ. ಒಂದೇ ಬಗೆಯ ವಿದ್ಯುದಂಶವುಳ್ಳ ಎಲೆಕ್ಟ್ರಾನ್‌ಗಳು ಬೇರೆ ಬೇರೆ ಆರ್ಬಿಟಲ್‌ಗಳಲ್ಲಿದ್ದರೆ ಪರಸ್ಪರ ವಿಕರ್ಷಣೆ ಕಡಿಮೆ. ನಾಲ್ಕು ಚೌಕಗಳಲ್ಲಿ ಒಂಟಿ ಬಾಣ ಉಳಿದಿದ್ದರೆ ನಿಮ್ಮ ಚಿತ್ರ ಸರಿಯಾಗಿದೆ.

ಅತಿ ಹೆಚ್ಚು ಅಂಕ ಹೋಗುವುದು ಅಯಾನಿನಲ್ಲಿ, ಎಂದರೆ ಇಲ್ಲಿ ಎಲೆಕ್ಟ್ರಾನ್ ಕಳೆದುಕೊಂಡು ಧನ ವಿದ್ಯುದಂಶ ಪಡೆದ ಪರಮಾಣುವಿನಲ್ಲಿ. ಕೊನೆಯಲ್ಲಿ ತುಂಬಿದ್ದು 3ಡಿ, ಆದ್ದರಿಂದ ಅಲ್ಲಿಂದಲೇ ತೆಗೆಯಬೇಕು ಎಂದು ಮಕ್ಕಳು ಭಾವಿಸುತ್ತಾರೆ. ಆದರೆ ಎಲೆಕ್ಟ್ರಾನ್ ಮೊದಲು ಹೊರಬೀಳುವುದು ಅತ್ಯಂತ ಹೊರಗಿನ ಕವಚದಿಂದ, ಎಂದರೆ 4ಎಸ್‌ನಿಂದ. ಎರಡು ಧನ ವಿದ್ಯುದಂಶದ ಕಬ್ಬಿಣದ ಅಯಾನು ಆರ್ಗಾನಿನ ವಿನ್ಯಾಸದ (1ಎಸ್²ನಿಂದ 3ಪಿ⁶ವರೆಗಿನ ಭಾಗ) ಮೇಲೆ 3ಡಿ⁶ ಹೊಂದಿರುತ್ತದೆ. ಇನ್ನೊಂದು ಎಲೆಕ್ಟ್ರಾನ್ ಹೋದಾಗ ಜೋಡಿಯೊಳಗಿನ ಆ ಕೆಳಮುಖ ಬಾಣವೇ ಅಳಿದು, ಐದೂ ಚೌಕಗಳಲ್ಲಿ ಒಂಟಿ ಬಾಣಗಳಿರುವ 3ಡಿ⁵ ಉಳಿಯುತ್ತದೆ. ಕಪ್ಪತಗುಡ್ಡದ ಮಣ್ಣಿಗೆ ಕೆಂಪು ಬಣ್ಣ ಕೊಡುವ ಆಕ್ಸೈಡಿನಲ್ಲಿ ಇರುವುದು ಈ ಮೂರು ಧನ ವಿದ್ಯುದಂಶದ ಕಬ್ಬಿಣವೇ. ಅಯಾನಿನ ವಿನ್ಯಾಸ ಬರೆಯುವಾಗ ತಟಸ್ಥ ಪರಮಾಣುವಿನ ವಿನ್ಯಾಸವನ್ನು 3ಡಿ⁶ 4ಎಸ್² ಎಂದು ಕವಚದ ಕ್ರಮಕ್ಕೆ ಹೊಂದಿಸಿಕೊಂಡು ಬಲತುದಿಯಿಂದ ಅಳಿಸಿರಿ, ತಪ್ಪಾಗುವುದಿಲ್ಲ.

ಕ್ರೋಮಿಯಂ ಮತ್ತು ತಾಮ್ರ ಈ ಕ್ರಮಕ್ಕೆ ಹೊರತು: 24ನೆಯ ಧಾತುವಿಗೆ 3ಡಿ⁵ 4ಎಸ್¹, 29ನೆಯದಕ್ಕೆ 3ಡಿ¹⁰ 4ಎಸ್¹. ಇವೆರಡನ್ನು ಬಾಯಿಪಾಠ ಮಾಡಿಕೊಳ್ಳಿರಿ.