ಸಿಸ್ಟರ್ ಆಗುವುದು ಒಂದೇ ದಿನದ ತೀರ್ಮಾನ ಅಲ್ಲ

ಸಿಸ್ಟರ್, ಅಂದರೆ ಕ್ರೈಸ್ತ ಸನ್ಯಾಸಿನಿ, ಆಗಲು ದೇವರು ಕರೆಯುವುದಕ್ಕೆ ದೇವಕರೆ ಅನ್ನುತ್ತೇವೆ. ದೇವಕರೆ ಅಂದರೆ ರಾತ್ರಿ ಹೊತ್ತು ಯಾರೋ ಹೆಸರು ಹಿಡಿದು ಕೂಗುತ್ತಾರೆ ಅಂತ ಸುಮಾರು ಜನ ತಿಳಿದಿದ್ದಾರೆ. ನನಗೆ ಅಂಥದ್ದೇನೂ ಆಗಲಿಲ್ಲ. ದಾವಣಗೆರೆಯಲ್ಲಿ ಬಿ.ಕಾಂ. ಓದುತ್ತಿದ್ದಾಗ ಈ ಯೋಚನೆ ಬರುತ್ತಿತ್ತು, ಪರೀಕ್ಷೆ ಗಲಾಟೆಯಲ್ಲಿ ಮರೆತುಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ಸೆಪ್ಟೆಂಬರ್ 8ಕ್ಕೆ ಹರಿಹರದ ಆರೋಗ್ಯಮಾತೆ ಹಬ್ಬಕ್ಕೆ ಹೋದಾಗ ಸ್ವಲ್ಪ ಜಾಸ್ತಿ. ಮದುವೆ ಮೇಲೆ ನನಗೆ ಬೇಜಾರೇನೂ ಇರಲಿಲ್ಲ. ಇದ್ದಿದ್ದರೆ ನಮ್ಮ ಫಾದರ್ ನನ್ನನ್ನು ಅಲ್ಲೇ ತಡೆಯುತ್ತಿದ್ದರೇನೋ.

ಅವರು ಹೇಳಿದ್ದು ಇಷ್ಟೇ: ಮೊದಲು ಡಿಗ್ರಿ ಮುಗಿಸು, ರಜೆಯಲ್ಲಿ ಸಿಸ್ಟರ್‌ಗಳು ವಾಸಿಸುವ ಕಾನ್ವೆಂಟಿನಲ್ಲಿ ಇದ್ದು ನೋಡು. ಹಾಗೇ ಮಾಡಿದೆ. ಒಂದು ಸನ್ಯಾಸಿನಿ ಸಭೆಯವರು (ಸಭೆ ಅಂದರೆ ಸಿಸ್ಟರ್‌ಗಳ ಸಂಘ) ಆಸ್ಪತ್ರೆ ನಡೆಸುತ್ತಿದ್ದರು, ಇನ್ನೊಂದು ಸಭೆಯವರು ಹಳ್ಳಿಗಳಲ್ಲಿ ಕೆಲಸ ಮಾಡುತ್ತಿದ್ದರು. ರಕ್ತ ಕಂಡರೆ ತಲೆ ತಿರುಗುವ ನನಗೆ ಆಯ್ಕೆ ಸುಲಭವಾಯಿತು!

ಕಷ್ಟವಾಗಿದ್ದು ಅವ್ವನನ್ನು ಒಪ್ಪಿಸುವುದು. "ಒಮ್ಮೆ ಒಳಗೆ ಹೋದರೆ ಮುಗೀತಲ್ಲೇ" ಅನ್ನುತ್ತಿದ್ದಳು. ನನ್ನ ಮಾತು ನಡೆಯಲಿಲ್ಲ. ಕೊನೆಗೆ ಸಭೆಯ ಸಿಸ್ಟರ್ ಒಬ್ಬರು ಮನೆಗೆ ಬಂದು ಚರ್ಚಿನ ಕಾನೂನನ್ನೇ ಬಿಡಿಸಿ ಹೇಳಿದರು. 17 ತುಂಬದೆ ನೊವಿಷಿಯೇಟ್‌ಗೆ, ಅಂದರೆ ವ್ರತಕ್ಕೆ ಮುಂಚಿನ ತರಬೇತಿಗೆ, ಸೇರಿಸುವಂತಿಲ್ಲ. ಅದು ಕಡಿಮೆ ಅಂದರೂ 12 ತಿಂಗಳು. ಆಗ ಯಾವತ್ತು ಬೇಕಾದರೂ ಎದ್ದು ಬರಬಹುದು, ಸರಿಹೋಗದಿದ್ದರೆ ಅವರೂ ವಾಪಸ್ ಕಳಿಸಬಹುದು. ಆಮೇಲೆ ಬಡತನ, ಬ್ರಹ್ಮಚರ್ಯ, ವಿಧೇಯತೆಯ ವ್ರತ. ಅದೂ ಮೊದಲು ತಾತ್ಕಾಲಿಕವಾಗಿ, ಕನಿಷ್ಠ 3 ವರ್ಷಕ್ಕೆ. ಅವಧಿ ಮುಗಿದಾಗ ಮನಸ್ಸಿಲ್ಲದಿದ್ದರೆ ಮನೆಗೆ ಹೋಗಬಹುದು. ಆಜೀವ ವ್ರತದ ಮಾತು ಅದಾದ ಮೇಲೆ.

"ಹಾಗಾದರೆ ಮದುವೆಗಿಂತ ಇದೇ ವಾಸಿ, ಯೋಚನೆ ಮಾಡೋಕೆ ಟೈಮ್ ಕೊಡ್ತಾರೆ" ಅಂದಳು ಅವ್ವ. ಸಿಸ್ಟರ್ ನಗು ತಡೆದುಕೊಳ್ಳಲಿಲ್ಲ.

ಅಪ್ಪನ ಪ್ರಶ್ನೆ ಬೇರೆ. ಮನೆಯಲ್ಲಿ ನನ್ನ ಪಾಲು ಏನಾಗುತ್ತದೆ? ಬಡತನದ ವ್ರತ ತೆಗೆದುಕೊಂಡರೆ ಆಸ್ತಿಯೆಲ್ಲ ತಾನಾಗೇ ಸಭೆಗೆ ಹೋಗುತ್ತದೆ ಅಂತ ಅವರ ಅಂದಾಜು. ಹಾಗಿಲ್ಲ. ಮೊದಲ ವ್ರತಕ್ಕೆ ಮುಂಚೆ ನಮ್ಮ ಆಸ್ತಿ ನೋಡಿಕೊಳ್ಳುವ ಕೆಲಸವನ್ನು ನಮಗೆ ಬೇಕಾದವರಿಗೆ ವಹಿಸುತ್ತೇವೆ. ಆಜೀವ ವ್ರತಕ್ಕೆ ಮುಂಚೆ ಉಯಿಲು ಬರೆಯಬೇಕು. ನಾನು ಅಣ್ಣನ ಹೆಸರಿಗೆ ಬರೆದೆ. ದುಡಿದ ಸಂಬಳ ಮಾತ್ರ ಸಭೆಗೆ ಸೇರುತ್ತದೆ. ಇದು ಸುಮ್ನೆ ಕಾಗದದ ಮಾತಲ್ಲ. ಚಪ್ಪಲಿ ಕಿತ್ತುಹೋದರೂ ಕಾನ್ವೆಂಟಿನ ಮುಖ್ಯಸ್ಥೆ ಸುಪೀರಿಯರ್ ಹತ್ತಿರ ಕೇಳಬೇಕು. ನನಗೆ ಅಭ್ಯಾಸವಾಗಲು ಜಾಸ್ತಿ ದಿನ ಹಿಡಿದಿದ್ದೇ ಇದು.

ಈಗ ಚಿತ್ರದುರ್ಗದ ಕಡೆ ಹಳ್ಳಿಗಳಲ್ಲಿ ಮಹಿಳಾ ಸಂಘಗಳಿಗೆ ಲೆಕ್ಕ ಬರೆಯುವುದನ್ನು ಕಲಿಸುತ್ತೇನೆ. ಬಿ.ಕಾಂ. ಕೆಲಸಕ್ಕೆ ಬಂತು ಅಲ್ವಾ! ಸಿಸ್ಟರ್ ಆಗಬೇಕು ಅಂತ ಯಾವ ಹುಡುಗಿ ಬಂದರೂ, ಮುಂದಿನ ಸಲ ನಿಮ್ಮ ಅವ್ವನನ್ನೂ ಕರೆದುಕೊಂಡು ಬಾ ಅನ್ನುತ್ತೇನೆ. ದೀಕ್ಷಾಸ್ನಾನದ ಸರ್ಟಿಫಿಕೇಟ್ ಎಲ್ಲ ಆಮೇಲೆ.