ಎಷ್ಟಾಯ್ತು ಅಂತ ಕೇಳಿ ಕಥೆ ಹುಡುಕಿದ್ದು

ರಾಯಚೂರು ಗಂಜಿನ, ಅಂದರೆ ಕೃಷಿ ಮಾರುಕಟ್ಟೆಯ, ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯೋನಿಗೆ ಕಥೆ ಎಲ್ಲಿಂದ ಹೊಳೆಯಬೇಕು ಅಂತ ಗೆಳೆಯರು ಕೇಳುತ್ತಿದ್ದರು. ಎರಡು ವರ್ಷದಲ್ಲಿ ಒಂಬತ್ತೋ ಹತ್ತೋ ಕಥೆ ಮುಗಿಸಿದ್ದೇನೆ. ನಾಲ್ಕು ಅಚ್ಚಾಗಿವೆ, ಒಂದಕ್ಕೆ 2,000 ಬಹುಮಾನವೂ ಬಂತು.

ಮೊದಲು ಕಳೆದುಕೊಂಡ ದುಡ್ಡು. ಆನೆಗೊಂದಿಯಲ್ಲಿ ಮೂರು ದಿನ ರೂಮು ಮಾಡಿದೆ, ಸುಮಾರು 4,500 ಹೋಯಿತು. ಹೊಳೆ ನೋಡಿದೆ, ಬಂಡೆ ನೋಡಿದೆ. ಎರಡು ಪುಟ ವರ್ಣನೆ ಬಂತು, ಅದರಲ್ಲಿ ಒಬ್ಬ ಮನುಷ್ಯನೂ ಇರಲಿಲ್ಲ. ಆಮೇಲೆ ಗುಂತಕಲ್ ಪ್ಯಾಸೆಂಜರ್‌ನಲ್ಲಿ ಮೊಬೈಲ್ ರೆಕಾರ್ಡಿಂಗ್ ಹಾಕಿಕೊಂಡು ಕೂತೆ. ಗಾಲಿ ಸದ್ದು ಬಿಟ್ಟರೆ ಏನೂ ಸಿಗಲಿಲ್ಲ. ಕದ್ದು ಕೇಳಿದ್ದು ಮನಸ್ಸಿಗೂ ಸರಿ ಬರಲಿಲ್ಲ, ಎಲ್ಲ ಅಳಿಸಿದೆ.

ದಾರಿ ಸಿಕ್ಕಿದ್ದು ಹಾಳಾದ ಪಟ್ಟಿಯ ಬೆನ್ನ ಮೇಲೆ. ಪಟ್ಟಿ ಅಂದರೆ ಮಾಲು ಮಾರಿದ ರೈತರಿಗೆ ನಾವು ಬರೆದುಕೊಡೋ ಲೆಕ್ಕದ ಚೀಟಿ. ಒಬ್ಬ ಕಾಕಾ ಹತ್ತಿ ಮಾರಿ, "ಪಟ್ಟಿ ಎರಡು ಮಾಡ್ರಿ, ಒಂದರಾಗ ಹನ್ನೊಂದು ಸಾವಿರ ಕಡಿಮಿ ಹಾಕ್ರಿ" ಅಂದರು. ನಾನು ಬರೆದು ಕೊಡಲಿಲ್ಲ. ಆದರೆ ಆ ಮಾತನ್ನು ಹಾಗೇ ಗೀಚಿಟ್ಟುಕೊಂಡೆ. ಆ ಚೀಟಿ ಆರು ತಿಂಗಳು ಡಬ್ಬದಲ್ಲೇ ಇತ್ತು. ಸಾಲ, ಮಳೆ, ಬಡತನ ಎಲ್ಲ ಸೇರಿಸಿ ಬರೆದು ನೋಡಿದೆ, ಕಥೆ ಮೇಲೇಳಲಿಲ್ಲ. ಒಂದು ರಾತ್ರಿ ಸುಮ್ನೆ ಕೇಳಿಕೊಂಡೆ: ಹನ್ನೊಂದೇ ಯಾಕೆ? ಹತ್ತಲ್ಲ, ಹದಿನೈದಲ್ಲ. ಅಷ್ಟೇ ದುಡ್ಡು ಯಾವುದಕ್ಕೆ ಬೇಕು? ಗಂಡನ ಮನೆ ಬಿಟ್ಟು ಬಂದ ಮಗಳಿಗೆ ಹೊಲಿಗೆ ಮೆಷಿನ್, ಅದೂ ಮಗನಿಗೆ ಗೊತ್ತಾಗದ ಹಾಗೆ! ಬೆಳಗಾಗುವಷ್ಟರಲ್ಲಿ ಏಳು ಪುಟ.

ಅವತ್ತಿಂದ ದಿನಕ್ಕೆ ಒಂದೇ ಚೀಟಿ. ಅದರಲ್ಲಿ ದುಡ್ಡಿನ ಅಂಕಿ ಇರಲೇಬೇಕು, ಅದನ್ನು ಯಾರಿಂದ ಮುಚ್ಚಿಟ್ಟರು ಅನ್ನೋದೂ ಬೇಕು, ಗೊತ್ತಿಲ್ಲದಿದ್ದರೆ ನಾನೇ ಕಟ್ಟುತ್ತೇನೆ. ಭಾನುವಾರ ಎರಡು ಚೀಟಿ ಜೋಡಿಸುತ್ತೇನೆ. ಯಾವ ಎರಡು ಅನ್ನೋದಕ್ಕೆ ನನ್ನದೊಂದು ಲೆಕ್ಕ ಇದೆ, ಅದನ್ನು ಇಲ್ಲಿ ಬಿಟ್ಟುಕೊಡಲ್ಲ.

ಒಂದು ಸಲ ಜಾಸ್ತಿ ಪೆಟ್ಟು ತಿಂದೆ. ಸಂಬಂಧಿಕರೊಬ್ಬರು ಒಡವೆ ಅಡವಿಟ್ಟ ವಿಷಯವನ್ನು ಊರು, ಬೆಳೆ ಸಮೇತ ಇದ್ದಂಗೇ ಬರೆದೆ. ಓದಿದ ಮೇಲೆ ಅವರು ಒಂದು ವರ್ಷ ಮಾತು ಬಿಟ್ಟರು. ತಪ್ಪು ನನ್ನದೇ. ಈಗ ಊರು, ಬೆಳೆ, ನಂಟು ಮೂರನ್ನೂ ಬದಲಿಸಿದ ಮೇಲೇ ಮೊದಲ ಸಾಲು. ಅಂಕಿ ಮಾತ್ರ ಮುಟ್ಟಲ್ಲ, ಅಂಕಿ ಬದಲಾದರೆ ಆ ಮನುಷ್ಯನ ಅಗತ್ಯವೇ ಬೇರೆ ಆಗುತ್ತದೆ ಅಲ್ವಾ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನ್ ತುಂಡಾಗಿ ಕೊಚ್ಚಿಹೋಯಿತು. ನಾನೂ ಮುನಿರಾಬಾದ್ ತನಕ ಬಸ್ಸಲ್ಲಿ ಹೋಗಿ ನೀರು ನೋಡಿ ಬಂದೆ. ಚೀಟಿ ಖಾಲಿ. ವಾರದ ಮೇಲೆ, ಅದೇ ಡ್ಯಾಮಿನ ಕಾಲುವೆ ನೀರು ನಂಬಿದ ಸಿಂಧನೂರು ಕಡೆಯ ರೈತರೊಬ್ಬರು ಅಂಗಡಿಗೆ ಬಂದಾಗ, ಭತ್ತದ ನಾಟಿಗೆ ಎಷ್ಟಾಯ್ತು ಅಂತ ಕೇಳಿದೆ. "ನಾಟಿ ಎಲ್ಲಿ ಆತ್ರಿ? ಹೆಣ್ಮಕ್ಕಳ ಗುಂಪಿಗೆ ಎಂಟು ಸಾವಿರ ಅಡ್ವಾನ್ಸ್ ಕೊಟ್ಟೀನಿ. ವಾಪಸ್ ಕೇಳಾಕ ಬಾಯಿ ಬರವಲ್ದು" ಅಂದರು.

ಅದನ್ನೇ ಈಗ ಬರೆಯುತ್ತಿದ್ದೇನೆ, ಆದರೆ ಆ ಗುಂಪು ಕಟ್ಟಿದ ಹೆಂಗಸಿನ ಕಡೆಯಿಂದ. ದುಡ್ಡು ಅವಳ ಕೈಯಲ್ಲಿ ಆಗಲೇ ಖರ್ಚಾಗಿದೆ. ಯಾವುದಕ್ಕೆ ಅನ್ನೋದು ನಿನ್ನೆ ರಾತ್ರಿಯಷ್ಟೇ ಹೊಳೆಯಿತು.